ಕಾಯಿ ಎದ್ದ ಜಾಗ

ಇಂಪನಾ ಬೆಳಿಗ್ಗೆ ಅಪ್ಪನನ್ನು ಕೇಳಿದ್ದು ಬರೀ ಒಂದು ಓಟಿಪಿ.

"ಅಪ್ಪ, ನಿನ್ ಫೋನಿಗೆ ಒಂದು ನಂಬರ್ ಬರುತ್ತೆ, ಅದನ್ನ ಹೇಳ್ಬುಡು. ಕಾಲೇಜಿನ ಲಿಸ್ಟ್ ಹಾಕಿ ಮುಗಿಸ್ತೀನಿ."

ತೋಂಟದಾರ್ಯ ಆ ನಂಬರನ್ನು ಓದಿ ಹೇಳಿಬಿಟ್ಟಿದ್ದರೆ ದೋಸೆ ತಿಂದು ತೋಟಕ್ಕೆ ಹೋಗಬಹುದಿತ್ತು. ಈ ಕತೆಯೂ ಇರುತ್ತಿರಲಿಲ್ಲ. ಆದರೆ ಆತ ಫೋನನ್ನು ಜೇಬಿಗೆ ಹಾಕಿಕೊಂಡು, "ಯಾರನ್ನಾದ್ರೂ ಒಂದ್ಮಾತು ಕೇಳಿದ್ಯೇನಮ್ಮಾ?" ಎಂದ.

"ಯಾರನ್ನ ಕೇಳ್ಬೇಕು?"

"ತಿಳಿದೋರನ್ನ."

ಅಡುಗೆಮನೆಯಲ್ಲಿ ದೋಸೆ ಹುಯ್ಯುತ್ತಿದ್ದ ವಿಮಲಮ್ಮ ಸೌಟನ್ನು ಹೆಂಚಿಗೆ ಕುಟ್ಟಿದಳು. ಗಂಡನ ಬಾಯಲ್ಲಿ 'ತಿಳಿದೋರು' ಎಂಬ ಮಾತು ಬಂದಾಗಲೆಲ್ಲ ಮನೆಗೆ ಏನಾದರೊಂದು ನಷ್ಟ ಗ್ಯಾರಂಟಿ ಎಂಬುದು ಅವಳ ಸಂಸಾರದ ಅನುಭವ.

ವಿಷಯ ದೊಡ್ಡದೇನಲ್ಲ. ಸಿಇಟಿ ಬರೆದ ಮಕ್ಕಳು ತಮಗೆ ಬೇಕಾದ ಕೋರ್ಸು, ಕಾಲೇಜುಗಳನ್ನು ಒಂದರ ಕೆಳಗೊಂದು ಕಂಪ್ಯೂಟರಿನಲ್ಲಿ ತುಂಬಬೇಕು. ಮೇಲಿನದು ಸಿಕ್ಕರೆ ಕೆಳಗಿನವು ತಾವಾಗಿಯೇ ಬಿಟ್ಟುಹೋಗುತ್ತವೆ. ಆದ್ದರಿಂದ ಎಲ್ಲ ಇರುವುದು ಮೊದಲ ಸಾಲಿನಲ್ಲಿ. ತುಂಬಲು ಅಂದೇ ಕೊನೆಯ ದಿನ, ಸಂಜೆ ಐದಕ್ಕೆ ಬಾಗಿಲು ಬಂದ್. ಇಂಪನಾ ಮೊದಲ ಸಾಲಿಗೆ ಗೊತ್ತು ಮಾಡಿಕೊಂಡಿದ್ದು ಬಿಎಸ್ಸಿ ಅಗ್ರಿ. ಅವಳ ರ‍್ಯಾಂಕಿಗೆ ಅದು ಸಿಗುವ ಹಾಗೂ ಇತ್ತು.

ಅವಳಿಗೆ ಅಗ್ರಿಯ ಹುಚ್ಚು ಹಿಡಿದದ್ದು ಹಿಂದೊಮ್ಮೆ ಅವರ ತೋಟಕ್ಕೆ ಕಪ್ಪು ತಲೆ ಹುಳು ಬಿದ್ದು ತೆಂಗಿನ ಗರಿಗಳೆಲ್ಲ ಸುಟ್ಟ ಹಾಗೆ ಒಣಗಿದಾಗ. ಊರಿನವರು ಮರ ನೋಡಿ ಲೊಚಗುಟ್ಟಿ ಹೋದರು. ಇಂಪನಾ ಮಾತ್ರ ಉಪ್ಪಿನಕಾಯಿ ಬಾಟಲಿಯೊಂದನ್ನು ತೊಳೆದು, ಅದರಲ್ಲಿ ಗರಿಯ ತುಂಡು ಇಟ್ಟು, ಹುಳು ಸಾಕಿದಳು. ಆ ಹುಳುವನ್ನು ತಿನ್ನುವ ಇನ್ನೊಂದು ಹುಳು ಇದೆಯಂತೆ, ಅದನ್ನು ಓದುತ್ತೇನೆ ಎಂದು ಅವತ್ತೇ ಹೇಳಿದ್ದಳು. ತೋಟದ ಸರ್ವೆ ಮಾಡಲು ಬಂದವರಿಗೆ ಸರಪಳಿ ಹಿಡಿದು ಓಡಾಡಿದವಳೂ ಅವಳೇ. ಆ ದಿನ ತೋಂಟದಾರ್ಯ ತಿಪಟೂರಿನಲ್ಲಿ, ಸರ್ವೆ ಮಾಡಿಸುವುದು ಒಳ್ಳೆಯದೋ ಕೆಟ್ಟದ್ದೋ ಎಂದು ಒಬ್ಬರನ್ನು ಕೇಳಲು ಹೋಗಿದ್ದ.

ತೋಂಟದಾರ್ಯ ಹೀಗಾಗಲು ಕಾರಣ ಬೋರ್‌ವೆಲ್. ಮೊದಲ ಸಲ ಒಬ್ಬನೇ ಒಬ್ಬ ತೋರಿಸಿದ ಜಾಗದಲ್ಲಿ ಕೊರೆಸಿದ, ಧೂಳು ಬಂತು. ಎರಡನೆಯ ಸಲ ಮೂವರನ್ನು ಕರೆಸಿದ. ಅವರು ಮೂರು ಜಾಗ ತೋರಿಸಿದರು. ಯಾರಿಗೂ ಬೇಸರವಾಗಬಾರದೆಂದು ಮೂರೂ ಜಾಗಗಳ ನಡುಮಧ್ಯೆ ಕೊರೆಸಿದ. ಆಗಲೂ ಧೂಳೇ ಬಂತು. ಬೇರೆ ಯಾರಾದರೂ ಆಗಿದ್ದರೆ ಕೇಳುವುದನ್ನೇ ಬಿಡುತ್ತಿದ್ದರು. ತೋಂಟದಾರ್ಯ ಕಲಿತ ಪಾಠವೆಂದರೆ, ನಾಲ್ಕನೆಯವನನ್ನೂ ಕೇಳಬೇಕಾಗಿತ್ತು ಎಂಬುದು.

"ಮಧ್ಯಾಹ್ನಕ್ಕೆಲ್ಲ ಬತ್ತೀನಿ," ಎಂದು ಟಿವಿಎಸ್ ಹತ್ತಿದ. ಫೋನು ಅವನ ಜೇಬಿನಲ್ಲೇ ಇತ್ತು.

ಮೊದಲು ತುರುವೇಕೆರೆಗೆ ಹೋಗಿ, ವಿಮಲಮ್ಮನ ಅಣ್ಣ ಬಸವರಾಜಪ್ಪನ ಮನೆ ಬಾಗಿಲು ತಟ್ಟಿದ. ಬಸವರಾಜಪ್ಪ ಸರ್ಕಾರಿ ಕಚೇರಿಯಲ್ಲಿ ದೊಡ್ಡ ಗುಮಾಸ್ತನಾಗಿದ್ದು ನಿವೃತ್ತನಾದವನು. ಈಗಲೂ ಮಾತಾಡುವಾಗ ಯಾವುದೋ ಕಡತಕ್ಕೆ ಷರಾ ಬರೆಯುವ ಧಾಟಿಯೇ.

"ಅಗ್ರಿನಾ? ತೆಂಗಿನ ಮರ ನೋಡ್ಕೊಳ್ಳಕ್ಕೆ ಡಿಗ್ರಿ ಬೇಕೇನ್ರೀ? ಸಿವಿಲ್ ಹಾಕ್ಸಿ, ಸಿವಿಲ್ಲು. ಸಿವಿಲ್ ಇಂಜಿನಿಯರ್ ಮನೆ ಮದುವೆಗೆ ಕಂಟ್ರಾಕ್ಟರುಗಳೇ ಬಂದು ಚಪ್ಪರ ಹಾಕ್ತಾರೆ. ಕಣ್ಣಾರೆ ಕಂಡಿದೀನಿ."

"ಹುಡುಗಿ ಹುಳದ ಮೇಲೆ ಓದ್ತೀನಿ ಅಂತಾಳೆ ಭಾವ."

"ಹುಳ ಇವತ್ತಿರುತ್ತೆ, ನಾಳೆ ಹೋಗುತ್ತೆ. ಸೇತುವೆ ಹೋಗಲ್ಲ."

ಮಾತು ಸರಿಯಾಗಿಯೇ ಇದೆ ಅನ್ನಿಸಿತು ತೋಂಟದಾರ್ಯನಿಗೆ. ಯಾರು ಹೇಳಿದ ಮಾತಾದರೂ ಅವನಿಗೆ ಹಾಗೇ ಅನ್ನಿಸುತ್ತಿತ್ತು, ಅದೇ ಅವನ ಕಾಯಿಲೆ. ಬಸವರಾಜಪ್ಪ ಒಳಗಿನಿಂದ ಒಂದು ಇಂಜಿನಿಯರಿಂಗ್ ಕಾಲೇಜಿನ ಬಣ್ಣದ ಹಾಳೆ ತಂದು ಕೊಟ್ಟ. ಅಷ್ಟರಲ್ಲಿ ಇಂಪನಾಳ ಫೋನ್ ಬಂತು.

"ಅಪ್ಪ, ಓಟಿಪಿ ಬಂದೈತೆ ನೋಡು."

"ಒಂದ್ನಿಮಿಷ ಇರಮ್ಮ, ದೊಡ್ಡೋರ ಹತ್ರ ಮಾತಾಡ್ತಿದೀನಿ," ಎಂದು ಇಟ್ಟುಬಿಟ್ಟ. ಓಟಿಪಿ ಎಷ್ಟು ಹೊತ್ತು ಕಾಯುತ್ತದೆ? ಅದರ ಪಾಡಿಗೆ ಅದು ಸತ್ತುಹೋಯಿತು.

ಅಲ್ಲಿಂದ ತಿಪಟೂರು. ಇಂಪನಾಳಿಗೆ ಪಿಯುಸಿಯಲ್ಲಿ ಭೌತಶಾಸ್ತ್ರ ಹೇಳಿಕೊಟ್ಟ ರೇಣುಕಪ್ರಸಾದ್ ಮೇಷ್ಟ್ರ ಜಗಲಿಯ ಮೇಲೆ ಆಗಲೇ ಹತ್ತಾರು ಜನ ತಂದೆ ತಾಯಿಯರು ಕೈಯಲ್ಲಿ ಹಾಳೆ ಹಿಡಿದು ಕೂತಿದ್ದರು. ತನ್ನ ಸರದಿ ಬಂದಾಗ ತೋಂಟದಾರ್ಯ ಸಿವಿಲ್ ವಿಷಯ ತೆಗೆದ.

"ಸಿವಿಲ್ಲಾ? ಯಾರ್ ಹೇಳಿದ್ದು ನಿಮ್ಗೆ?"

"ನಮ್ ಭಾವ. ಸರ್ಕಾರಿ ಕೆಲಸದಲ್ಲಿದ್ರು ಸಾರ್."

"ಯಾವಾಗ ರಿಟೈರ್ ಆದ್ರು?"

"ಆಗ್ಲೇ ಬಾಳಾ ವರ್ಷ ಆಯ್ತು."

"ಅವರ ಸಲಹೆನೂ ಅವತ್ತೇ ರಿಟೈರ್ ಆಯ್ತು ಅಂದ್ಕೊಳ್ಳಿ. ಕಂಪ್ಯೂಟರ್ ಸೈನ್ಸ್ ಕಣ್ರೀ! ಯಾವ ಕಾಲೇಜಾದ್ರೂ ಸರಿ, ಕಂಪ್ಯೂಟರ್ ಸೈನ್ಸ್. ಕಣ್ಮುಚ್ಕೊಂಡು ಹಾಕ್ಸಿ."

"ಅಗ್ರಿ ಅಂತಾಳೆ ಸಾರ್."

"ಅಗ್ರಿ ಕೆಟ್ಟದ್ದು ಅಂತ ನಾನು ಹೇಳಲ್ಲ," ಎಂದರು ಮೇಷ್ಟ್ರು, ಕೆಟ್ಟದ್ದು ಎಂದು ಹೇಳುವವರ ಮುಖ ಮಾಡಿಕೊಂಡು. ಅವರೂ ಒಂದು ಬಣ್ಣದ ಹಾಳೆ ಕೊಟ್ಟರು. ತೋಂಟದಾರ್ಯ ಎದ್ದವನು ಮತ್ತೆ ಕೂತು, ಹಿಂದಿನ ಸಾಲಿನವರು ಗೊಣಗುತ್ತಿದ್ದರೂ, ಸಿವಿಲ್ಲು ಕಂಪ್ಯೂಟರು ಎರಡರ ನಡುವೆ ಇರುವಂಥದ್ದು ಏನಾದರೂ ಇದೆಯೇ ಎಂದು ಕೇಳಿದ. ಮೇಷ್ಟ್ರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಅಷ್ಟು ಅನುಮಾನವಿದ್ದರೆ ವೃತ್ತಿಪರ ಕೌನ್ಸೆಲರನ್ನೇ ನೋಡುವುದು ಒಳ್ಳೆಯದೆಂದೂ, ಬೇಕರಿಯ ಮೇಲಿನ ಮಹಡಿಯಲ್ಲಿ ಒಬ್ಬರು ಹೊಸದಾಗಿ ಕಚೇರಿ ತೆರೆದಿದ್ದಾರೆಂದೂ ಹೇಳಿ ಸಾಗಹಾಕಿದರು. ಮೆಟ್ಟಿಲಿಳಿಯುವಾಗ ಮತ್ತೆ ಇಂಪನಾಳ ಫೋನ್.

"ಅಪ್ಪ, ಇನ್ನೊಂದ್ಸಲ ಕಳ್ಸಿದೀನಿ."

"ಒಂದ್ನಿಮಿಷ ಇರಮ್ಮ, ದೊಡ್ಡೋರ ಹತ್ರ ಮಾತಾಡ್ತಿದೀನಿ."

ಎರಡನೆಯ ಓಟಿಪಿಯೂ ಹೋಯ್ತು.

ಬೇಕರಿಯ ಮೇಲಿನ ಕಚೇರಿ ತಣ್ಣಗಿತ್ತು. ಕೆಳಗಿನ ಬನ್ನಿನ ವಾಸನೆ ಅಲ್ಲಿಯವರೆಗೂ ಬರುತ್ತಿತ್ತು. ಬೆಳಿಗ್ಗೆ ದೋಸೆಯನ್ನೂ ಬಿಟ್ಟು ಬಂದಿದ್ದ ತೋಂಟದಾರ್ಯನ ಹೊಟ್ಟೆ ಗುರ್ ಅಂದಿತು. ಆಶಾ ಮೇಡಂ ಎಂಬ ಕೌನ್ಸೆಲರು ನಗುನಗುತ್ತಾ ಕೂರಿಸಿ, ಒಂದು ಸಣ್ಣ ಗಾಜಿನ ಮಿಷನ್ನನ್ನು ಮುಂದಕ್ಕೆ ಸರಿಸಿದರು.

"ಸರ್, ನಾವು ಬಾಯಿ ಮಾತಿನ ಸಲಹೆ ಕೊಡಲ್ಲ. ಎಲ್ಲ ಸೈಂಟಿಫಿಕ್. ಬೆರಳಿನ ಗೆರೆ ನೋಡಿ ಮಗುಗೆ ಯಾವ ಕೋರ್ಸ್ ಆಗಿಬರುತ್ತೆ ಅಂತ ಹೇಳ್ತೀವಿ. ಮಗಳು ಎಲ್ಲಿ?"

"ಮನೇಲವ್ಳೆ."

ಮೇಡಂ ಒಂದು ಗಳಿಗೆ ಯೋಚಿಸಿದರು. ಬಂದ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸುವುದು ಅವರ ವೃತ್ತಿಧರ್ಮಕ್ಕೆ ಒಪ್ಪದ ಮಾತು. "ತಂದೆಯದಾದ್ರೂ ನಡೆಯುತ್ತೆ ಸರ್, ರಕ್ತ ಒಂದೇ ಅಲ್ವಾ? ಹೆಬ್ಬೆಟ್ಟು ಇಡಿ."

ತೋಂಟದಾರ್ಯ ಇಟ್ಟ. ಮಿಷನ್ ಕೆಂಪಗಾಗಿ ಕುಂಯ್ ಅಂದಿತು. ಇನ್ನೊಂದು ಹೆಬ್ಬೆಟ್ಟು ಇಟ್ಟ, ಕುಂಯ್. ಪಂಚೆಗೆ ಉಜ್ಜಿ ಇಟ್ಟ, ನೀರಲ್ಲಿ ತೊಳೆದು ಇಟ್ಟ, ಒಂದೊಂದಾಗಿ ಹತ್ತೂ ಬೆರಳು ಇಟ್ಟ. ಕೊನೆಕೊನೆಗೆ ಅವನ ಕೈ ಹತ್ತಿರ ಬರುವುದಕ್ಕೆ ಮುಂಚೆಯೇ ಮಿಷನ್ ಕುಂಯ್ ಅನ್ನತೊಡಗಿತು.

"ಸರ್, ನಿಮಗೆ ಗೆರೆಗಳೇ ಇಲ್ಲ!"

"ಕಾಯಿ ಸುಲ್ದು, ಕೊಬ್ಬರಿ ಹೆರೆದು ಸವೆದೋಗವೆ ಕಣಮ್ಮ. ರೇಷನ್ ಅಂಗಡೀಲೂ ಹಿಂಗೇ ಆಗುತ್ತೆ. ಅಲ್ಲಿ ನಮ್ಮ ಮನೆಯೋಳು ಬಂದು ಒತ್ತಿದ್ರೆ ಅಕ್ಕಿ ಕೊಡ್ತಾರೆ."

ಆದರೂ ಆಶಾ ಮೇಡಂ ಬಿಡಲಿಲ್ಲ. ಏನೇನೋ ಗುಂಡಿ ಒತ್ತಿ, ವರದಿಯೊಂದನ್ನು ಮುದ್ರಿಸಿಯೇ ಕೊಟ್ಟರು. ಬೆರಳಿಗೆ ಗೆರೆಗಳಿಲ್ಲದವರ ಮಕ್ಕಳಿಗೆ ಅಪರಾಧ ಪತ್ತೆಯ ವಿದ್ಯೆ ಬಹಳ ಚೆನ್ನಾಗಿ ಹತ್ತುತ್ತದಂತೆ. "ಫೊರೆನ್ಸಿಕ್ ಸೈನ್ಸ್ ಸರ್. ಈಗ ತುಂಬಾ ಡಿಮ್ಯಾಂಡು," ಎಂದು ಮೂರನೆಯ ಬಣ್ಣದ ಹಾಳೆಯನ್ನು ಅವನ ಕೈಗಿಟ್ಟರು.

ಹೀಗೆ ಸೇತುವೆ, ಕಂಪ್ಯೂಟರು, ಕೊಲೆ ಮೂರನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ತೋಂಟದಾರ್ಯ ಊರಿಗೆ ಹೊರಟ. ದಾರಿಯುದ್ದಕ್ಕೂ ಅವನಿಗೆ ನಿಜವಾಗಿಯೂ ಸಂಕಟವಾಗುತ್ತಿತ್ತು. ನಗುವವರು ನಗಲಿ, ಮಗಳ ಮೇಲೆ ಅವನಿಗೆ ಜೀವ. ತಾನು ಓದಿದವನಲ್ಲ, ತನ್ನ ತಪ್ಪಿನಿಂದ ಅವಳ ಬಾಳು ಎಲ್ಲಿ ಧೂಳಾಗಿಬಿಡುತ್ತದೋ ಎಂಬ ಭಯ ಬೆಳಗಿನಿಂದ ಅವನ ಬೆನ್ನು ಹತ್ತಿತ್ತು. ಯಾರಾದರೂ ಒಬ್ಬರು ಖಡಾಖಂಡಿತವಾಗಿ ಹೇಳಿಬಿಟ್ಟರೆ ಸಾಕಿತ್ತು. ಹೇಳಿದವರೆಲ್ಲ ಖಡಾಖಂಡಿತವಾಗಿಯೇ ಹೇಳಿದ್ದರು, ತೊಂದರೆಯಾಗಿದ್ದೂ ಅದರಿಂದಲೇ.

ಮನೆ ಹತ್ತಿರ ಬಂದರೆ ಊರೆಲ್ಲ ಬಿಳಿ ಧೂಳು. ಪಕ್ಕದ ತೋಟದ ಮಲ್ಲೇಶ ಬೆಳಗಿನಿಂದ ಬೋರ್ ಕೊರೆಸುತ್ತಿದ್ದ. ಪಟ್ಟಣದಿಂದ ಮಿಷನ್‌ನವರನ್ನು ಕರೆಸಿ, ನೆಲಕ್ಕೆ ವೈರು ಚುಚ್ಚಿ ನೋಡಿಸಿದ ಜಾಗ ಅದು. ಒಂದು ತೊಟ್ಟು ನೀರು ಬಂದಿರಲಿಲ್ಲ. ಬೋರ್ ಲಾರಿಯವರು ಪೈಪು ಬಿಚ್ಚಿ ಹೊರಡುವ ಸಿದ್ಧತೆಯಲ್ಲಿದ್ದರು.

ಅದನ್ನು ನೋಡಿ ಸಂತೋಷಪಡಲೆಂದೇ ಕಂದಿಕೆರೆಯ ಕೆಂಚಪ್ಪ ಬಂದು ತೋಂಟದಾರ್ಯನ ಜಗಲಿಯ ಮೇಲೆ ಎಲೆಅಡಿಕೆ ಹಾಕಿಕೊಂಡು ಕೂತಿದ್ದ. ಕೆಂಚಪ್ಪ ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ತೋಟದಲ್ಲಿ ನಡೆಯುತ್ತಾನೆ. ನೆಲದಡಿ ನೀರಿರುವಲ್ಲಿ ಕಾಯಿ ತಾನಾಗಿ ಎದ್ದು ನಿಲ್ಲುತ್ತದೆ. ಆ ಕಡೆಯಲ್ಲೆಲ್ಲ ಅವನಿಗೆ ಹೆಸರಿತ್ತು. "ಕೆಂಚಪ್ಪನ ಕಾಯಿ ಚಟ್ನಿಗೆ ಸರಿ" ಎಂದು ಮಲ್ಲೇಶ ಟೀ ಅಂಗಡಿಯಲ್ಲಿ ಆಡಿದ್ದು ಅವನ ಕಿವಿಗೆ ಬಿದ್ದಿತ್ತು. ಅಂದಿನಿಂದ ಮಲ್ಲೇಶನ ನೆಲದ ಮೇಲೆ ಕಾಯಿ ಹಿಡಿಯುವುದಿಲ್ಲ ಎಂದು ಅವನು ಮನೆದೇವರ ಆಣೆ ಮಾಡಿಬಿಟ್ಟಿದ್ದ.

ತೋಂಟದಾರ್ಯ ಜಗಲಿಯ ಮೇಲೆ ಕೂತು ತನ್ನ ಕಷ್ಟ ಹೇಳಿಕೊಂಡ. ವಿಮಲಮ್ಮ ಆಶಾ ಮೇಡಂ ಕೊಟ್ಟ ವರದಿ ನೋಡಿ, "ನಿಮಗೆ ಸೀಟು ಸಿಕ್ತಲ್ಲ, ನೀವೇ ಹೋಗಿ ಸೇರ್ಕಳಿ," ಎಂದಳು. ಮೈಯೆಲ್ಲ ಧೂಳು ಮಾಡಿಕೊಂಡು ನಿಂತಿದ್ದ ಮಲ್ಲೇಶ ಮಾತ್ರ ಬಹಳ ಗಮನವಿಟ್ಟು ಕೇಳಿದ. ಅವನ ಕಣ್ಣು ಒಮ್ಮೆ ಕೆಂಚಪ್ಪನ ಕಡೆ, ಒಮ್ಮೆ ಬೋರ್ ಲಾರಿಯ ಕಡೆ ಹೋಗಿ ಬಂತು.

"ಲೇ ತೋಂಟಾ, ತಿಪಟೂರಿಗೆ ಯಾಕೆ ಹೋದ್ಯೋ? ಕೆಂಚಪ್ಪಣ್ಣ ಇಲ್ಲೇ ಅವ್ನೆ. ಹಾಳೆ ಹರಡು, ಕಾಯಿ ಹಿಡೀಲಿ. ಯಾವ ಕಾಲೇಜಿನ ಮೇಲೆ ಎದ್ದು ನಿಲ್ಲುತ್ತೋ ಅದನ್ನ ಹಾಕು."

ಕೆಂಚಪ್ಪ ಎಲೆಅಡಿಕೆ ಉಗಿದು ಬಂದ. "ಏಯ್, ಕಾಯಿಗೆ ನೀರೊಂದೇ ಗೊತ್ತಿರಾದು. ಕಾಲೇಜು ಗೀಲೇಜು ಅದಕ್ಕೆ ತಿಳಿಯಾಕಿಲ್ಲ."

"ಆರ್ನೂರಡಿ ಕೆಳಗಿರೋದು ಕಾಣುತ್ತೆ, ಕಣ್ಮುಂದೆ ಪ್ರಿಂಟ್ ಹಾಕಿರೋದು ಕಾಣಲ್ವಾ? ನಿನ್ ಕಾಯಿ ಬಗ್ಗೆ ನೀನೇ ಹಿಂಗಂದ್ರೆ ಹೆಂಗಣ್ಣಾ?"

ತನ್ನ ಶತ್ರು ತನ್ನ ಕಾಯಿಯನ್ನು ಹೊಗಳಿದ್ದು ಕೆಂಚಪ್ಪನಿಗೆ ಹಿಡಿಸಿತು. ತೋಂಟದಾರ್ಯನಿಗಂತೂ ಮಾತು ಸರಿಯಾಗಿಯೇ ಇದೆ ಅನ್ನಿಸಿತು. ಹಿತ್ತಲಿನಲ್ಲಿ ಎರಡು ತೋಟಗಳ ನಡುವೆ ತೋಂಟದಾರ್ಯ ವರ್ಷಗಳಿಂದ ಸುರಿದ ತೆಂಗಿನ ಸಿಪ್ಪೆಯ ದೊಡ್ಡ ಗುಡ್ಡೆ ಇತ್ತು. ಅದರ ಆಚೆ ಬದಿಗೆ ನೆಲ ಚೊಕ್ಕಟವಾಗಿದೆ ಎಂದು ಮಲ್ಲೇಶ ತಾನೇ ಮುಂದಾಗಿ ಹಾಳೆಗಳನ್ನು ಹರಡಿ, ಗಾಳಿಗೆ ಹಾರದಂತೆ ಒಂದೊಂದರ ಮೇಲೂ ಒಂದೊಂದು ಕಲ್ಲಿಟ್ಟ. ಇಂಪನಾ ಬರೆದಿಟ್ಟುಕೊಂಡಿದ್ದ ಅಗ್ರಿಯ ಹಾಳೆಯನ್ನೂ ವಿಮಲಮ್ಮ ತಂದು ಕೊನೆಗೆ ಇಟ್ಟಳು. ಬೋರ್ ಲಾರಿಯ ಹುಡುಗರೂ ಪೈಪು ಬಿಟ್ಟು ನೋಡಲು ಬಂದರು.

"ಅಪ್ಪ, ಅಲ್ಲಿ ಬ್ಯಾಡ..." ಎಂದು ಇಂಪನಾ ಬಾಯಿ ತೆರೆದಳು.

"ಒಂದ್ನಿಮಿಷ ಇರಮ್ಮ, ದೊಡ್ಡೋರು ಮಾಡ್ತಾವ್ರೆ."

ಕೆಂಚಪ್ಪ ಚಪ್ಪಲಿ ಬಿಟ್ಟ. ವಿಮಲಮ್ಮ ಕೊಟ್ಟ ಜುಟ್ಟಿನ ಕಾಯಿಯನ್ನು ಹಣೆಗೊತ್ತಿಕೊಂಡು ಅಂಗೈ ಮೇಲೆ ಅಡ್ಡ ಮಲಗಿಸಿದ. ಕಣ್ಣು ಅರೆ ಮುಚ್ಚಿ ಹೆಜ್ಜೆ ಹಾಕಿದ. ಸಿವಿಲ್ ದಾಟಿದ, ಕಾಯಿ ಮಲಗೇ ಇತ್ತು. ಕಂಪ್ಯೂಟರ್ ಸೈನ್ಸಿನ ಮೇಲೆ ಸ್ವಲ್ಪ ಅಲುಗಾಡಿದ ಹಾಗಾಗಿ ಎಲ್ಲರೂ "ಹಾ" ಎಂದರು, ಕೆಂಚಪ್ಪನಿಗೆ ಸೀನು ಬಂದಿತ್ತಷ್ಟೆ. ಫೊರೆನ್ಸಿಕ್ ಮೇಲೂ ಕಾಯಿಗೆ ನಿದ್ದೆ. ಅಗ್ರಿಯ ಹಾಳೆ ಬಂದಾಗ ಇಂಪನಾ ಉಸಿರು ಹಿಡಿದಳು. ಇಂಥದ್ದರಲ್ಲೆಲ್ಲ ನಂಬಿಕೆಯಿಲ್ಲದ ಅವಳ ಎದೆಯೂ ಡವಗುಟ್ಟಿತು. ಕಾಯಿ ಅದರ ಮೇಲೂ ಏಳಲಿಲ್ಲ.

ಹಾಳೆಗಳು ಮುಗಿದವು. ವಾಪಸು ತಿರುಗಲೆಂದು ಕೆಂಚಪ್ಪ ಇನ್ನೊಂದು ಹೆಜ್ಜೆ ಆಚೆ ಇಟ್ಟ. ಅಲ್ಲಿ ಬರೀ ನೆಲ. ಕಾಯಿ ಒಮ್ಮೆ ನಡುಗಿ, ಜುಟ್ಟು ಮೇಲೆ ಮಾಡಿಕೊಂಡು ಅಂಗೈ ಮೇಲೆ ನೆಟ್ಟಗೆ ನಿಂತುಬಿಟ್ಟಿತು.

ತೋಂಟದಾರ್ಯ ಬಗ್ಗಿ ನೆಲವನ್ನು ತಡವಿದ. "ಇಲ್ಲಿ ಯಾವ ಕಾಲೇಜೂ ಇಲ್ವಲ್ಲೋ ಕೆಂಚಪ್ಪಣ್ಣ?"

"ಮೊದ್ಲೇ ಹೇಳ್ಲಿಲ್ವಾ ನಾನು? ಇಲ್ಲಿ ನೀರೈತೆ."

ನೀರು ಎಂಬ ಒಂದು ಮಾತಿಗೆ ಸಿವಿಲ್ಲು, ಕಂಪ್ಯೂಟರು, ಫೊರೆನ್ಸಿಕ್ಕು ಎಲ್ಲವೂ ಜನರ ತಲೆಯಿಂದ ಆವಿಯಾಗಿ ಹೋದವು. "ಗಾಡಿ ಇಲ್ಲೇ ಐತೆ ಸಾರ್, ತಿರುಗಿಸಿ ನಿಲ್ಸಿದ್ರೆ ಆಯ್ತು," ಎಂದ ಲಾರಿಯವನು. "ದುಡ್ಡು ಕೊಬ್ಬರಿ ಮಾರ್ಕೆಟ್ಟಿಗೆ ಬುಟ್ಟಾಗ ಕೊಡ್ಲಿ ಬುಡಪ್ಪ, ನಾನು ಹೇಳ್ತೀನಿ," ಎಂದ ಮಲ್ಲೇಶ. ಪಕ್ಕದವನ ತೋಟಕ್ಕೆ ನೀರು ಬರಲಿ ಎಂದು ಅವನು ಇಷ್ಟು ಉತ್ಸಾಹ ತೋರಿಸಿದ್ದನ್ನು ಊರು ಹಿಂದೆಂದೂ ಕಂಡಿರಲಿಲ್ಲ.

"ಯಾರನ್ನಾದ್ರೂ ಕೇಳಲ್ವಾ ನೀವು?" ಎಂದಳು ವಿಮಲಮ್ಮ.

"ಕಣ್ಮುಂದೆ ಕಾಯಿ ಎದ್ದು ನಿಂತೈತೆ, ಇನ್ಯಾರನ್ನೇ ಕೇಳ್ಳಿ?" ಎಂದ ತೋಂಟದಾರ್ಯ. ಆ ಮೊದಲ ಬೋರ್‌ವೆಲ್ ಧೂಳಾದ ಮೇಲೆ ಇದೇ ಮೊದಲ ಬಾರಿಗೆ ಅವನು ಎರಡನೆಯವರನ್ನು ಕೇಳದೆ ಒಂದು ತೀರ್ಮಾನ ತೆಗೆದುಕೊಂಡಿದ್ದ. ಅವನ ಎದೆ ಅಗಲವಾಗಿತ್ತು.

ಲಾರಿ ತಿರುಗಿ ಬಂದು ಸಿಪ್ಪೆಗುಡ್ಡೆಯ ಪಕ್ಕ ನಿಂತಿತು. ಗಡಗಡ ಸದ್ದು ಶುರುವಾಯಿತು. ಇಂಪನಾ ಅಪ್ಪನ ಅಂಗಿ ಹಿಡಿದೆಳೆದು, "ಅಪ್ಪ, ಒಂದ್ಮಾತು ಕೇಳ್ಸಿಕೋ, ಈ ಜಾಗ..." ಎಂದಳು.

"ಒಂದ್ನಿಮಿಷ ಇರಮ್ಮ! ತಗಾ, ಫೋನಿಗೆ ಧೂಳಾಗುತ್ತೆ, ಹಿಡ್ಕೊ."

ಬೆಳಗಿನಿಂದ ಕೇಳಿ ಕೇಳಿ ಸಿಗದಿದ್ದ ಫೋನು ಅವಳ ಕೈಗೆ ಬಂತು. ಇಂಪನಾ ಫೋನನ್ನು ನೋಡಿದಳು, ಅಪ್ಪನನ್ನು ನೋಡಿದಳು, ಕೊರೆಯುತ್ತಿದ್ದ ಜಾಗವನ್ನು ನೋಡಿದಳು. ಹೇಳಬೇಕಾದ ಮಾತು ಎರಡಿದ್ದವು. ಒಂದನ್ನು ಎರಡು ಸಲ ಹೇಳಲು ಹೋಗಿ ಬೈಸಿಕೊಂಡಾಗಿತ್ತು. ಇನ್ನೊಂದಕ್ಕೆ ಐದು ಗಂಟೆಯ ಗಡುವಿತ್ತು. ಅವಳು ಅಪ್ಪನ ಕಿವಿಯ ಹತ್ತಿರ ಹೋಗಿ, "ಅಗ್ರಿ ಮೊದ್ಲು ಹಾಕ್ಲಾ?" ಎಂದು ಕೂಗಿದಳು.

"ಏನಾದ್ರೂ ಹಾಕಮ್ಮ, ತಲೆ ತಿನ್ಬ್ಯಾಡ!" ಎಂದು ತೋಂಟದಾರ್ಯ ಪೈಪಿನಿಂದ ಕಣ್ಣು ತೆಗೆಯದೆ ಕೂಗಿದ.

ಇಂಪನಾ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮೊದಲು ಕೆಂಪು ಧೂಳು ಬಂತು, ಆಮೇಲೆ ಬಿಳಿ ಧೂಳು. ಬಣ್ಣದ ಹಾಳೆಗಳು ಕಲ್ಲುಗಳ ಸಮೇತ ಧೂಳಿನಲ್ಲಿ ಮುಚ್ಚಿಹೋದವು. ಬಿಸಿಲು ಇಳಿಯುತ್ತಾ ಬಂದರೂ ಬಿಳಿ ಧೂಳೇ. ತೋಂಟದಾರ್ಯ ಮುಖಕ್ಕೆ ಟವೆಲ್ ಕಟ್ಟಿಕೊಂಡು, ಮುಂದೆ ಇನ್ನು ಯಾವತ್ತೂ ಯಾರನ್ನೂ ಕೇಳದೆ ಏನೂ ಮಾಡುವುದಿಲ್ಲ ಎಂದು ಮನಸ್ಸಿನಲ್ಲೇ ಹರಕೆ ಹೊರುತ್ತಿದ್ದ. ಹರಕೆ ಮುಗಿಯುವ ಹೊತ್ತಿಗೆ ಧೂಳು ತೇವವಾಯಿತು, ಕೆಸರಾಯಿತು. ನೋಡನೋಡುತ್ತಿದ್ದಂತೆ ನೀರು ಭುಸ್ಸೆಂದು ತೆಂಗಿನ ಗರಿಯ ಎತ್ತರಕ್ಕೆ ಚಿಮ್ಮಿತು.

"ಮೂರಿಂಚು! ಮೂರಿಂಚು ನೀರು!" ಎಂದು ಲಾರಿಯ ಹುಡುಗರು ಕೂಗಿದರು. ವಿಮಲಮ್ಮ ಓಡಿ ಬಂದು ಅರಿಶಿನ ಕುಂಕುಮ ಹಾಕಿ, ಕೆಂಚಪ್ಪನ ಕೈಯಲ್ಲಿದ್ದ ಆ ಕಾಯಿಯನ್ನೇ ಇಸಿದುಕೊಂಡು ಒಡೆದಳು. ತೋಂಟದಾರ್ಯ ಕೆಸರಿನಲ್ಲೇ ಕುಕ್ಕರಿಸಿ ಕೂತು ಅತ್ತುಬಿಟ್ಟ. ಎರಡು ಸಲ ಮಣ್ಣಾದ ಆಸೆ ಮೂರನೆಯ ಸಲ ಮೈಮೇಲೆ ಮಳೆಯಂತೆ ಬಿದ್ದರೆ ಯಾರಿಗಾದರೂ ಅಳು ಬರುತ್ತದೆ.

ಕಣ್ಣೊರೆಸಿಕೊಂಡವನಿಗೆ ತಟ್ಟನೆ ಮಗಳ ನೆನಪಾಯಿತು. ಐದು ಗಂಟೆ ಯಾವಾಗಲೋ ದಾಟಿತ್ತು. "ಅಯ್ಯೋ ನನ್ ತಾಯಿ! ನಿನ್ ಲಿಸ್ಟು!"

"ಹಾಕಾಯ್ತು ಕಣಪ್ಪ, ಆಗ್ಲೇ. ಅಗ್ರಿ ಮೊದ್ಲು," ಎಂದಳು ಹೊರಗೆ ಬಂದು ನಿಂತಿದ್ದ ಇಂಪನಾ.

"ಯಾರನ್ನ ಕೇಳ್ದೆ?"

"ನಿನ್ನನ್ನೇ ಕೇಳ್ದೆ. ಏನಾದ್ರೂ ಹಾಕು ಅಂದೆ."

ತೋಂಟದಾರ್ಯ ಅವಳ ಮುಖ ನೋಡಿದ. ಬೆಳಗಿನಿಂದ ಬೆನ್ನು ಹತ್ತಿದ್ದ ಭಯ ಬಿಟ್ಟು ಹೋದ ಹಾಗಾಯಿತು. "ಆಯ್ತು ಬುಡು, ಒಳ್ಳೇದಾಯ್ತು," ಎಂದು ಕೆಸರುಗೈಯಲ್ಲೇ ಅವಳ ತಲೆ ಸವರಿದ.

ಇಷ್ಟಕ್ಕೇ ಮುಗಿದಿದ್ದರೆ ಅವನಷ್ಟು ಸುಖಿ ಆ ತಾಲ್ಲೂಕಿನಲ್ಲೇ ಇರುತ್ತಿರಲಿಲ್ಲ. ಆದರೆ ಮಲ್ಲೇಶ ಒಂದು ಸನಿಕೆ ತಂದು, ಯಾರೂ ಹೇಳದಿದ್ದರೂ, ಸಿಪ್ಪೆಗುಡ್ಡೆಯನ್ನು ಒಂದು ಕಡೆಯಿಂದ ಸರಿಸತೊಡಗಿದ. ಅಡಿಯಲ್ಲಿ ಒಂದು ಗಡಿ ಕಲ್ಲು ಕಂಡಿತು. ಅದರ ತಲೆಯ ಮೇಲೆ ಸರ್ವೆಯವರು ಬಳಿದ ಬಿಳಿ ಬಣ್ಣ ಇನ್ನೂ ಹಾಗೇ ಇತ್ತು. ನೀರು ಚಿಮ್ಮುತ್ತಿದ್ದ ತೂತು ಆ ಕಲ್ಲಿನಿಂದ ಆಚೆಗೆ, ಮಲ್ಲೇಶನ ಕಡೆಗೆ ಇತ್ತು.

"ತೋಂಟಾ, ಬೇಜಾರ್ ಮಾಡ್ಕಬ್ಯಾಡ ಕಣ್ಲಾ," ಎಂದ ಮಲ್ಲೇಶ, ನೆಲ ನೋಡುತ್ತಾ. "ಬೋರು ನನ್ ಜಾಗದಾಗೈತೆ."

ಎಲ್ಲರಿಗಿಂತ ಮೊದಲು ಕೂಗಿದವನು ಕೆಂಚಪ್ಪ. "ಲೇ! ನಿನ್ ನೆಲದ ಮ್ಯಾಲೆ ಕಾಯಿ ಹಿಡಿಸ್ಬುಟ್ಯಾ ನನ್ ಕೈಲಿ? ಆಣೆ ಇಕ್ಕಿದ್ನಲ್ಲೋ!"

"ಕಾಲೇಜಿಗೆ ಹಿಡಿದಿದ್ದು ತಾನೇ ನೀನು? ಆಣೆ ಇಕ್ಕಿದ್ದು ನೀರಿಗೆ," ಎಂದು ಮಲ್ಲೇಶ ಮೆಲ್ಲಗೆ ಹೇಳಿದ.

ತೋಂಟದಾರ್ಯ ಕಲ್ಲನ್ನೂ ತೂತನ್ನೂ ತಾನೇ ಸುರಿದ ಸಿಪ್ಪೆಯನ್ನೂ ನೋಡಿದ. ಆಮೇಲೆ ಮಗಳ ಕಡೆ ತಿರುಗಿದ. "ಸರಪಳಿ ಹಿಡಿದಿದ್ದು ನೀನಲ್ವೇನಮ್ಮಾ? ಕಲ್ಲು ಎಲ್ಲೈತೆ ಅಂತ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಹೇಳ್ಬಾರ್ದಿತ್ತಾ?"

"ಎರಡು ಸಲ ಹೇಳಕ್ಕೆ ಬಂದೆ ಅಪ್ಪ. ಒಂದ್ನಿಮಿಷ ಇರಮ್ಮ ಅಂದೆ."

ಅವಳ ದನಿಯಲ್ಲಿ ಕೋಪವಿರಲಿಲ್ಲ, ಅದೇ ಅವನಿಗೆ ಹೆಚ್ಚು ನೋವು ಮಾಡಿತು. ಬೆಳಗಿನಿಂದ ಊರೂರು ಸುತ್ತಿ ಬಂದವನು ಮನೆಯೊಳಗಿದ್ದ ಒಬ್ಬಳನ್ನು ಮಾತ್ರ ಕೇಳಿರಲಿಲ್ಲ. "ತಪ್ಪಾಯ್ತಮ್ಮ. ಈಗ ನೀನೇ ಹೇಳು, ಏನ್ಮಾಡಾಣ?" ಎಂದ.

ಇಂಪನಾ ಅಪ್ಪನನ್ನು ಸ್ವಲ್ಪ ಪಕ್ಕಕ್ಕೆ ಕರೆದಳು. "ಜಾಗ ಅವರದ್ದು, ಕೊರೆಸಿದ್ದು ನಾವು. ಒಂದಿನ ಅವರಿಗೆ, ಒಂದಿನ ನಮಗೆ ಅಂತ ಈಗ್ಲೇ, ಇಷ್ಟು ಜನದ ಮುಂದೆ ಮಾತು ತಗೊಂಬುಡು. ಮಲ್ಲೇಶಣ್ಣನಿಗೆ ಈಗ ನಾಚಿಕೆ ಐತೆ. ಬೆಳಗಾದ್ರೆ ಇರಲ್ಲ."

ನಿಜಕ್ಕೂ ಮಲ್ಲೇಶ ತಲೆ ಕೆರೆಯುತ್ತಾ ನಿಂತಿದ್ದ. ಸುತ್ತ ನಿಂತವರೆಲ್ಲ ಅವನನ್ನೇ ನೋಡುತ್ತಿದ್ದರು. ತೋಂಟದಾರ್ಯ ಗಂಟಲು ಸರಿ ಮಾಡಿಕೊಂಡು ಮಗಳ ಮಾತನ್ನು ಹಾಗೇ ಒಪ್ಪಿಸಿದ. ಮಲ್ಲೇಶ ಒಂದೆರಡು ಸಲ "ಅದು ಹಂಗಲ್ಲ" ಎಂದು, ಕೊನೆಗೆ ಮೂಗಿನಲ್ಲೇ, "ಆಗ್ಲಿ ಬುಡು, ಒಂದಿನ ಬುಟ್ಟು ಒಂದಿನ" ಎಂದುಬಿಟ್ಟ. ವಿಮಲಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ನಕ್ಕಳು. ಕೆಂಚಪ್ಪ ಹೊಸ ಎಲೆಗೆ ಸುಣ್ಣ ಹಚ್ಚಿದ.

"ಒಳ್ಳೆ ಮಾತು," ಎಂದ ತೋಂಟದಾರ್ಯ, ಬಹಳ ಸಂತೋಷದಿಂದ. "ಬಂಗಾರದಂಥ ಮಾತು. ಆದ್ರೂ..." ಎಂದು ಮಗಳ ಕೈಯಿಂದ ಫೋನು ಇಸಿದುಕೊಂಡ. "ಭಾವನ್ನ ಒಂದ್ಮಾತು ಕೇಳ್ಬುಡ್ತೀನಿ."

"ಅಪ್ಪ, ಬ್ಯಾಡ!"

ಅಷ್ಟರಲ್ಲಿ ಕರೆ ಹೋಗಿತ್ತು. ಕೈ ಕೆಸರಾಗಿದ್ದರಿಂದ ಕಿವಿಗೆ ಇಡದೆ ಸ್ಪೀಕರಿನಲ್ಲೇ ಮಾತಾಡಿದ. ವಿಷಯ ಪೂರ್ತಿ ಕೇಳಿದ ಬಸವರಾಜಪ್ಪನ ದನಿ ನಿವೃತ್ತಿಯ ನಂತರ ಮೊದಲ ಬಾರಿಗೆ ಒಳ್ಳೆಯದೊಂದು ಕಡತ ಸಿಕ್ಕ ಹಾಗೆ ಗಟ್ಟಿಯಾಗಿ ಬಂತು.

"ಯಾವುದಕ್ಕೂ ಒಪ್ಕೋಬೇಡ್ರೀ! ಮೋಸ ಅದು, ಫೋರ್ ಟ್ವೆಂಟಿ! ನಾಳೆನೇ ಕೇಸ್ ಹಾಕೋಣ. ಆ ಮಲ್ಲೇಶನ್ನ ಕೋರ್ಟಿಗೆ ಅಲೆಸಿ ಅಲೆಸಿ ತೋಟ ಮಾರೋ ಹಂಗೆ ಮಾಡ್ತೀನಿ, ನೋಡ್ತಿರಿ!"

ಮಾತು ಹಿತ್ತಲಿನಲ್ಲೆಲ್ಲ ಕೇಳಿಸಿತು. ಮಲ್ಲೇಶನ ಮುಖದ ನಾಚಿಕೆ ಬೆಳಗಿನವರೆಗೂ ಕಾಯಲಿಲ್ಲ. ಅವನು ಸನಿಕೆಯನ್ನು ಹೆಗಲ ಮೇಲೆ ಹಾಕಿಕೊಂಡ.

"ಹಂಗೋ? ಸರಿ ಹಂಗಾರೆ. ಕೋರ್ಟಲ್ಲೇ ನೋಡ್ಕಳಾಣ. ಅಲ್ಲೀಗಂಟ ನೀರು ಕಲ್ಲಿಂದ ಆಚೀಕಡೆಗೇ ಹರೀತದೆ."

ಅವನು ಹೋದ. ಅವನ ಹಿಂದೆಯೇ ಲಾರಿಯವರು ಬಂದು, ಕೊಬ್ಬರಿ ಮಾರಿ ದುಡ್ಡು ಕೊಡುವುದು ಯಾವಾಗ ಎಂದು ವಿಚಾರಿಸಿಕೊಂಡು ಹೋದರು. ಸಿಪ್ಪೆಗುಡ್ಡೆಯ ಆಚೆ ನೀರು ಮಲ್ಲೇಶನ ತೆಂಗಿನ ಬುಡಗಳನ್ನು ಒಂದೊಂದಾಗಿ ತೋಯಿಸುತ್ತಾ ಹರಿಯುತ್ತಿತ್ತು. ತೋಂಟದಾರ್ಯ ಅದನ್ನು ಸ್ವಲ್ಪ ಹೊತ್ತು ನೋಡಿ, ಕಡೆಗೆ ಜಗಲಿಗೆ ಬಂದು ಮಗಳ ಪಕ್ಕದಲ್ಲಿ ಕೂತ. ಇಂಪನಾ ಬಾಟಲಿಯೊಂದನ್ನು ಒರೆಸುತ್ತಿದ್ದಳು, ಹಾಸ್ಟೆಲ್ಲಿಗೆ ಒಯ್ಯಲು.

"ಈಗೇನ್ಮಾಡಾದಮ್ಮ?" ಎಂದ ಮೆಲ್ಲಗೆ.

"ಒಂದ್ನಿಮಿಷ ಇರಪ್ಪ," ಎಂದಳು ಇಂಪನಾ.